ಹದಿನೇಳರ ಹುಡುಗಿಯ ಕಸೂತಿ ವ್ಯಾಪಾರ: ಆನ್‌ಲೈನ್ ಏಜೆನ್ಸಿಗೆ 1 ಸ್ಟಾರ್, ನಮ್ಮೂರ ಆಡಿಟರ್‌ಗೆ 5

18 ತುಂಬದ ಮಕ್ಕಳ ಹೆಸರಲ್ಲಿ ವ್ಯಾಪಾರ ರಿಜಿಸ್ಟರ್ ಮಾಡಿಸೋಣ ಅಂತ ಓಡಾಡುತ್ತಿದ್ದೀರಾ? ದುಡ್ಡು ಕಟ್ಟುವ ಮೊದಲು ಇದನ್ನು ಓದಿ.

ನನ್ನ ತಂಗಿಯ ಮಗಳಿಗೆ 17 ವರ್ಷ. ಧಾರವಾಡದಲ್ಲಿ ಪಿಯುಸಿ ಓದುತ್ತಾಳೆ. ಕಸೂತಿ ಹಾಕಿದ ಪೌಚು, ಬ್ಲೌಸ್ ಪೀಸು ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತಾಳೆ. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು, ಎಲ್ಲೂ ಗಂಟು ಇರಬಾರದು. ಅವಳ ಕೈಗೆ ಅದು ಚೆನ್ನಾಗಿ ಕೂತಿದೆ, ಒಮ್ಮೆ ತಗೊಂಡವರು ಮತ್ತೆ ಕೇಳುತ್ತಾರೆ. ಅಂಗಡಿಯವರೊಬ್ಬರು ಒಟ್ಟಿಗೆ ದೊಡ್ಡ ಆರ್ಡರ್ ಕೊಡ್ತೀವಿ, ಬಿಲ್ ಬೇಕು ಅಂದಾಗ ರಿಜಿಸ್ಟ್ರೇಷನ್ ಮಾತು ಶುರುವಾಯಿತು.

ತಂಗಿ ಮೊದಲು ಹೋಗಿದ್ದು ಒಂದು ಆನ್‌ಲೈನ್ ಏಜೆನ್ಸಿಗೆ. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ಫೋನಿನಲ್ಲಿ ಮಾತಾಡಿದ ಹುಡುಗ ಪ್ರೈವೇಟ್ ಲಿಮಿಟೆಡ್ ಕಂಪನಿ ಪ್ಯಾಕೇಜ್ ತಗೊಳ್ಳಿ, ಜಿಎಸ್‌ಟಿ ಕಡ್ಡಾಯ, ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಸರ್ಟಿಫಿಕೇಟ್‌ಗೆ ಬೇರೆ ಫೀಸು ಅಂತೆಲ್ಲ ಹೇಳಿ ಅಡ್ವಾನ್ಸ್ ಹಾಕಿಸಿಕೊಂಡ. ಮಾಲಕಿಯ ವಯಸ್ಸೆಷ್ಟು ಅಂತ ಕೇಳಿದ್ದು ದುಡ್ಡು ಹೋದ ಮೇಲೆ! ಅಂಥ ಕಂಪನಿಗೆ ಡೈರೆಕ್ಟರ್ ಆಗೋಕೆ 18 ತುಂಬಿರಲೇಬೇಕು, ಒಬ್ಬರೇ ಮಾಡುವ ಒಪಿಸಿ ಕಂಪನಿಗೂ ಮೈನರ್ ಮಾಲಕಿ ಆಗೋ ಹಾಗಿಲ್ಲ, ನಾಮಿನಿ ಕೂಡ ಆಗೋ ಹಾಗಿಲ್ಲ. ಇದು ಅವರ ದಿನದ ಕೆಲಸ, ಮೊದಲ ಪ್ರಶ್ನೆಯೇ ಇದಾಗಬೇಕಿತ್ತು ಅಲ್ವಾ? ಅಡ್ವಾನ್ಸ್‌ನಲ್ಲಿ ಅರ್ಧ ಮಾತ್ರ ವಾಪಸ್ ಬಂತು, ಅದೂ ನಾನು ಬೆನ್ನುಹತ್ತಿದ ಮೇಲೆ. ಇದರಲ್ಲಿ ನನಗೆ ಸಿಟ್ಟು ಬಂದಿದ್ದು ಉದ್ಯಮ್ ಫೀಸಿಗೆ. ಉದ್ಯಮ್ ನೋಂದಣಿ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, 2020ರ ಜುಲೈ 1ರಿಂದ ನಡೆಯುತ್ತಿದೆ. ಸರ್ಕಾರದ್ದೇ ಅನ್ನಿಸುವ ಹಾಗೆ ಬಣ್ಣ, ಲಾಂಛನ ಹಾಕಿಕೊಂಡ ಖಾಸಗಿ ಸೈಟುಗಳು ಅದಕ್ಕೇ ದುಡ್ಡು ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ನೋಡಿ, ಇಲ್ಲದಿದ್ದರೆ ಆಧಾರ್ ನಂಬರ್ ಹಾಕಲೇಬೇಡಿ.

ಆಮೇಲೆ ಹೋಗಿದ್ದು ಮಾರ್ಕೆಟ್ ಹತ್ತಿರದ ಒಬ್ಬ ಆಡಿಟರ್ ಕಡೆ. ಹೆಸರು ಹಾಕೋದು ಅವರಿಗೆ ಇಷ್ಟವಿಲ್ಲ, ಹಾಗಾಗಿ ಹಾಕುತ್ತಿಲ್ಲ. ಹುಡುಗಿಗೆ ಅವರ ಮೊದಲ ಪ್ರಶ್ನೆ: "ತಂಗಿ, 18 ಯಾವಾಗ ತುಂಬ್ತದವಾ?" ಇನ್ನೂ ಎಂಟು ತಿಂಗಳು ಅಂದಾಗ ನನ್ನ ತಂಗಿ ಕಡೆ ತಿರುಗಿ, "ಅಕ್ಕಾರ, ಹುಡುಗಿ ಹೆಸರಿನ್ಯಾಗ ಈಗ ಏನೂ ಬ್ಯಾಡ್ರಿ, ನಿಮ್ಮ ಹೆಸರಿನ್ಯಾಗ ಮಾಡೂಣ" ಅಂದರು.

ಹುಡುಗಿಗೆ ಬೇಜಾರಾಯಿತು. ಬೆಂಗಳೂರಿನ ಸುಹಾಸ್ ಗೋಪಿನಾಥ್ 14ನೇ ವಯಸ್ಸಿಗೇ ಕಂಪನಿ ಮಾಡಲಿಲ್ವಾ ಅಂತ ವಾದಕ್ಕಿಳಿದಳು. ಮಾಡಿದ್ದು ನಿಜ, 2000ದಲ್ಲಿ. ಆದರೆ ಇಲ್ಲಿ ಮೈನರ್‌ಗೆ ಅವಕಾಶ ಇರಲಿಲ್ಲ ಅಂತಲೇ ಅವರು ಗ್ಲೋಬಲ್ಸ್ ಕಂಪನಿಯನ್ನು ಅಮೆರಿಕದ ಸ್ಯಾನ್ ಹೋಸೆಯಲ್ಲಿ ನೋಂದಾಯಿಸಿದ್ದು. ಆಡಿಟರ್ ನಗಲಿಲ್ಲ, ಗದರಲಿಲ್ಲ. ಅವಳ ಪ್ರತಿ ಪ್ರಶ್ನೆಗೂ ಅವಳಿಗೇ ಉತ್ತರ ಕೊಟ್ಟರು, ನಾವು ದೊಡ್ಡವರು ಪಕ್ಕದಲ್ಲಿ ಕೂತು ಕೇಳಿದೆವು. ಐದು ಸ್ಟಾರ್ ಕೊಡುತ್ತಿರುವುದು ಮುಖ್ಯವಾಗಿ ಇದಕ್ಕೇ.

ಅವರು ಹೇಳಿದ್ದರಲ್ಲಿ ಎಲ್ಲರಿಗೂ ಬೇಕಾದ್ದು ಇಷ್ಟು. 1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಕರಾರು ಮಾಡಿಕೊಂಡರೆ ಅವರ ಮೇಲೆ ಅದು ನಡೆಯುವುದಿಲ್ಲ. ಧರ್ಮೋದಾಸ್ ಘೋಷ್ ಅನ್ನುವ ಕಲ್ಕತ್ತಾದ ಹುಡುಗ ಮೈನರ್ ಇದ್ದಾಗ ಮನೆ ಅಡವಿಟ್ಟು ಸಾಲ ತೆಗೆದಿದ್ದ. ಆ ಅಡಮಾನ ಪತ್ರಕ್ಕೆ ಬೆಲೆಯೇ ಇಲ್ಲ ಅಂತ 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ನಮ್ಮ ಕೇಸುಗಳಿಗೆ ಕೊನೆಯ ಕೋರ್ಟು) ತೀರ್ಪು ಕೊಟ್ಟಿತು. ಇದು ಮಕ್ಕಳನ್ನು ಕಾಪಾಡೋಕೆ ಇರುವ ನಿಯಮ. ಆದರೆ ಅದರಿಂದಲೇ ಅಂಗಡಿ ಬಾಡಿಗೆಗೆ ಕೊಡುವವರು, ಉದ್ರಿ ಕೊಡುವವರು, ಸಾಲ ಕೊಡುವ ಬ್ಯಾಂಕಿನವರು ಮೈನರ್ ಸಹಿ ನೋಡಿದರೆ ಹಿಂದೆ ಸರಿಯುತ್ತಾರೆ. ಪಾಲುದಾರಿಕೆಯಲ್ಲಿ ಮಾತ್ರ ಸ್ವಲ್ಪ ದಾರಿ ಇದೆ: ಉಳಿದ ಪಾಲುದಾರರೆಲ್ಲ ಒಪ್ಪಿದರೆ ಮೈನರ್‌ಗೆ ಲಾಭದಲ್ಲಿ ಪಾಲು ಕೊಡಬಹುದು, ನಷ್ಟ ಬಂದರೆ ಆ ಪಾಲಿನಾಚೆ ಅವಳ ಮೈಮೇಲೆ ಬರುವುದಿಲ್ಲ. 18 ತುಂಬಿದ ಮೇಲೆ ಉಳೀತೀನೋ ಬಿಡ್ತೀನೋ ಅಂತ ಆರು ತಿಂಗಳೊಳಗೆ ತಿಳಿಸಬೇಕು. ಸುಮ್ನೆ ಇದ್ದರೆ ಪೂರ್ತಿ ಪಾಲುದಾರಳು ಅಂತಲೇ ಲೆಕ್ಕ, ಹೊಣೆಯೂ ಪೂರ್ತಿ.

ಜಿಎಸ್‌ಟಿ ಈಗ ಬೇಕಾಗಿಲ್ಲ ಅಂದರು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಅದರ ಗೊಡವೆ ಇಲ್ಲ. 2023ರ ಅಕ್ಟೋಬರ್‌ನಿಂದ ಆನ್‌ಲೈನ್ ಮಾರಾಟ ತಾಣಗಳಲ್ಲೂ ಜಿಎಸ್‌ಟಿ ನೋಂದಣಿ ಇಲ್ಲದೆ, ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡು, ರಾಜ್ಯದ ಒಳಗೆ ಮಾರಬಹುದು. ಏಜೆನ್ಸಿ ಮಾತು ಕೇಳಿ ಸುಮ್ನೆ ಜಿಎಸ್‌ಟಿ ಮಾಡಿಸಿದ್ದರೆ ಒಂದು ರೂಪಾಯಿ ವ್ಯಾಪಾರ ಇಲ್ಲದ ತಿಂಗಳಲ್ಲೂ ರಿಟರ್ನ್ ಹಾಕುತ್ತಾ ಕೂರಬೇಕಿತ್ತು, ತಡವಾದರೆ ದಿನದ ಲೆಕ್ಕದಲ್ಲಿ ದಂಡ.

ಉದ್ಯಮ್ ಅರ್ಜಿಯನ್ನು ಅವರ ಆಫೀಸಿನ ಹುಡುಗಿ ನಮ್ಮೆದುರೇ ತುಂಬಿದಳು, ತಂಗಿಯ ಆಧಾರ್, ಪ್ಯಾನ್ ಮೇಲೆ. ಒಟಿಪಿ ಹಾಕಿ, ಅರ್ಜಿಯಲ್ಲಿ ಕೇಳುವ ಉದ್ಯೋಗದ ಕೋಡ್‌ಗಳಲ್ಲಿ ಕಸೂತಿ ಕೆಲಸಕ್ಕೆ ಸರಿಹೊಂದುವುದನ್ನು ಹುಡುಕಿ, ಕೂತಲ್ಲೇ ಮುಗಿಸಿದಳು. ಹುಡುಗಿಗೆ 18 ತುಂಬಿದ ಮೇಲೆ ಇದನ್ನೇ ಅವಳ ಹೆಸರಿಗೆ ಬರೆಸೋಕಾಗಲ್ಲ, ತಾಯಿ ಪ್ಯಾನ್‌ಗೆ ಕಟ್ಟಿಹಾಕಿದ್ದು, ಅವಳದ್ದು ಹೊಸದಾಗಿ ಮಾಡಿಸಬೇಕು ಅಂತ ಆಡಿಟರ್ ಮೊದಲೇ ಎಚ್ಚರಿಸಿದರು. ಬ್ಯಾಂಕ್ ವಿಷಯದಲ್ಲೂ ಹಾಗೇ: 10 ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಬಹುದು, ಬ್ಯಾಂಕ್ ಒಪ್ಪಬೇಕು ಅಷ್ಟೇ. ಆದರೂ ವ್ಯಾಪಾರದ ದುಡ್ಡು ತಾಯಿ ಹೆಸರಿನ ಬೇರೆ ಖಾತೆಗೇ ಬರಲಿ, ಅಲ್ಲಿಂದ ಹುಡುಗಿಯ ಕೂಲಿ ಅವಳ ಖಾತೆಗೆ ಹೋಗಲಿ, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ ಅಂದರು. ಮೈನರ್ ತನ್ನ ಕೈಚಳಕದಿಂದ ದುಡಿದ ದುಡ್ಡು ತೆರಿಗೆ ಲೆಕ್ಕದಲ್ಲಿ ಅವಳದೇ. ಅದನ್ನೇ ಎಫ್‌ಡಿ ಇಟ್ಟರೆ ಬರುವ ಬಡ್ಡಿ ಮಾತ್ರ ಅಪ್ಪ ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರ ಲೆಕ್ಕಕ್ಕೆ ಸೇರುತ್ತದೆ. ಇದು ನನಗೆ ಹೊಸ ವಿಷಯ.

ಇಷ್ಟಕ್ಕೆ ಅವರು ತಗೊಂಡಿದ್ದು 300 ರೂಪಾಯಿ, ರಸೀದಿ ಸಮೇತ. ಕೊರತೆ ಅಂದರೆ ಆಫೀಸು ಚಿಕ್ಕದು, ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ನಿಮ್ಮೂರಲ್ಲಿ ಇಂಥವರನ್ನು ಹುಡುಕಿಕೊಂಡು ಹೋಗುವುದಾದರೆ ತಾಯಿ ಅಥವಾ ತಂದೆಯ ಆಧಾರ್, ಪ್ಯಾನ್, ಪಾಸ್‌ಬುಕ್ ಒಯ್ಯಿರಿ, ಆಧಾರ್‌ಗೆ ಲಿಂಕ್ ಆದ ಮೊಬೈಲೂ ಕೈಯಲ್ಲಿರಲಿ. ಮಗುವನ್ನೂ ಕರೆದುಕೊಂಡು ಹೋಗಿ. ಜುಲೈ ತಿಂಗಳು ಮಾತ್ರ ಬೇಡ, ರಿಟರ್ನ್ ಗದ್ದಲದಲ್ಲಿ ಯಾರಿಗೂ ಕೂತು ಮಾತಾಡೋಕೆ ಪುರುಸೊತ್ತಿರುವುದಿಲ್ಲ.