ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯೂ: ಮನೆಯಲ್ಲೇ ಕಟ್ಟಿದ ಹ್ಯಾಂಡ್‌ಹೆಲ್ಡ್‌ನಲ್ಲಿ ಆರು ತಿಂಗಳು

ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರನ್ನು ಮನೆಯಲ್ಲೇ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಪ್ರೊಸೆಸರ್ ಎಷ್ಟು ವೇಗದ್ದು ಎಂದು. ನಾನೂ ಅಲ್ಲಿಂದಲೇ ಆರಂಭಿಸಿದೆ. ಆದರೆ ಒಂದು ಯಂತ್ರವನ್ನು ಪೂರ್ತಿಯಾಗಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, ಆರು ತಿಂಗಳು ಬಳಸಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಇಂಥ ಯಂತ್ರದ ಗುಣಮಟ್ಟವೆಲ್ಲ ನಿಂತಿರುವುದು ಬ್ಯಾಟರಿಯಿಂದ ಬೋರ್ಡಿಗೆ ಹೋಗುವ ಎರಡು ತಂತಿಗಳ ಮೇಲೆ. ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯೂ ಎಂಬ, ಇಡೀ ಕಂಪ್ಯೂಟರೇ ಒಂದು ಪುಟ್ಟ ಹಲಗೆಯಲ್ಲಿರುವ ಬೋರ್ಡನ್ನು ನಾನು ಮೆಚ್ಚಿಕೊಂಡಿರುವುದೂ, ಅದರ ಬಗ್ಗೆ ನನಗಿರುವ ಒಂದು ದೊಡ್ಡ ದೂರೂ ಇದೇ ವಿಷಯಕ್ಕೆ ಸಂಬಂಧಿಸಿದವು.

ಬೋರ್ಡಿನ ಪರಿಚಯ ಚಿಕ್ಕದಾಗಿ ಹೇಳುವುದಾದರೆ, ಇದು 2021ರ ಅಕ್ಟೋಬರ್‌ನಲ್ಲಿ 15 ಡಾಲರ್ ಬೆಲೆಗೆ ಬಿಡುಗಡೆಯಾಯಿತು. ಉದ್ದ 65 ಮಿಲಿಮೀಟರ್, ಅಗಲ 30 ಮಿಲಿಮೀಟರ್. ಎರಡು ಬೆರಳು ಜೋಡಿಸಿದಷ್ಟು ಜಾಗ ಸಾಕು. ಒಳಗೆ 1 ಗಿಗಾಹರ್ಟ್ಸ್ ವೇಗದ ನಾಲ್ಕು ಕಾರ್ಟೆಕ್ಸ್ ಎ53 ಕೋರ್‌ಗಳೂ 512 ಎಂಬಿ ಮೆಮೊರಿಯೂ ಇವೆ. ಅದಕ್ಕೂ ಮುಂಚಿನ ಜೀರೋ ಬೋರ್ಡುಗಳಲ್ಲಿ ಇದ್ದದ್ದು ಒಂದೇ ಕೋರ್ ಆದ್ದರಿಂದ ಹಳೆಯ ಕನ್ಸೋಲ್‌ಗಳನ್ನು ಅನುಕರಿಸುವ ಎಮ್ಯುಲೇಟರ್‌ಗಳು ಅವುಗಳ ಮೇಲೆ ತಡವರಿಸುತ್ತಿದ್ದವು. ಇದರಲ್ಲಿ ಆ ತೊಂದರೆ ಬಹುಮಟ್ಟಿಗೆ ನೀಗಿದೆ.

ಇದಕ್ಕಿಂತ ಬಲಶಾಲಿಯಾದ ಪೈ 4 ಮತ್ತು ಪೈ 5 ಇರುವಾಗ ಇದನ್ನೇ ಏಕೆ ಆರಿಸಬೇಕು ಎಂದು ಗೆಳೆಯರು ಕೇಳುತ್ತಾರೆ. ಪೈ 4ಕ್ಕೆ 5 ವೋಲ್ಟ್‌ನಲ್ಲಿ 3 ಆಂಪಿಯರ್ ಕೊಡಬಲ್ಲ ಅಡಾಪ್ಟರನ್ನು ತಯಾರಕರೇ ಶಿಫಾರಸು ಮಾಡುತ್ತಾರೆ, ಪೈ 5ಕ್ಕೆ 5 ಆಂಪಿಯರ್. ಮೇಜಿನ ಮೇಲೆ ಇದು ದೊಡ್ಡ ಮಾತಲ್ಲ. ಆದರೆ 18650 ಎಂಬ ಒಂದೇ ಲೀಥಿಯಂ ಸೆಲ್‌ನಿಂದ ಅಷ್ಟನ್ನು ಹಿಂಡುವುದು ಬೇರೆಯೇ ವಿಷಯ. ಜೊತೆಗೆ ಪೈ 4ರ ಯುಎಸ್‌ಬಿ ಮತ್ತು ಈಥರ್ನೆಟ್ ಗೂಡುಗಳು ಎಷ್ಟು ಎತ್ತರವೆಂದರೆ, ತೆಳುವಾದ ಪೆಟ್ಟಿಗೆ ಬೇಕೆನ್ನುವವರು ಅವನ್ನು ಬೆಸುಗೆ ಬಿಡಿಸಿ ಕಿತ್ತೇ ಹಾಕುತ್ತಾರೆ. ಮೊದಲ ಬಾರಿ ಕಟ್ಟುವವರು ಆ ಕೆಲಸಕ್ಕೆ ಕೈಹಾಕಬಾರದು.

ನನ್ನ ಯಂತ್ರದಲ್ಲಿರುವುದು 2,600 ಮಿಲಿಆಂಪಿಯರ್-ಅವರ್‌ನ ಒಂದೇ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಇರುವುದರಿಂದಲೇ ಅದಕ್ಕೆ 18650 ಎಂಬ ಹೆಸರು. ತುಂಬಿದಾಗ 4.2 ವೋಲ್ಟ್ ಇದ್ದು ಬರಿದಾಗುತ್ತಾ 3 ವೋಲ್ಟ್ ಕಡೆಗೆ ಇಳಿಯುವ ಈ ಸೆಲ್‌ನಿಂದ ಬೋರ್ಡಿಗೆ ಬೇಕಾದ ಸ್ಥಿರ 5 ವೋಲ್ಟ್ ಪಡೆಯಲು ನಡುವೆ ಒಂದು ಬೂಸ್ಟ್ ಕನ್ವರ್ಟರ್ ಇರಬೇಕು. ಇಲ್ಲಿ ಮರೆಯಬಾರದ ಲೆಕ್ಕವೊಂದಿದೆ. ಸೆಲ್‌ನ ವೋಲ್ಟೇಜ್ ಇಳಿದಂತೆ, ಅಷ್ಟೇ ಕೆಲಸಕ್ಕೆ ಅದರಿಂದ ಎಳೆಯುವ ಕರೆಂಟ್ ಏರುತ್ತದೆ. ಪರದೆಯೂ ಸೇರಿ ನನ್ನ ಯಂತ್ರ ಬಳಸುವುದು ಸುಮಾರು 3 ವ್ಯಾಟ್, ಸೆಲ್ 3.3 ವೋಲ್ಟ್‌ಗೆ ಇಳಿದಾಗ, ಕನ್ವರ್ಟರ್‌ನಲ್ಲಿ ಆಗುವ ನಷ್ಟವೂ ಸೇರಿ, ಅದರಿಂದ ಒಂದು ಆಂಪಿಯರ್‌ಗೂ ಮಿಗಿಲಾಗಿ ಹರಿಯುತ್ತದೆ. ಎಂದರೆ ಸೆಲ್ ಹೆಚ್ಚು ದಣಿದ ಹೊತ್ತಿನಲ್ಲೇ ಕನ್ವರ್ಟರ್‌ಗೆ ಹೆಚ್ಚು ಕೆಲಸ ಬೀಳುತ್ತದೆ.

ಮೊದಲ ಬಾರಿ ಕಟ್ಟಿದಾಗ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯೊಂದರಿಂದ ತಂದ ಅಗ್ಗದ ಕನ್ವರ್ಟರ್ ಹಾಕಿದ್ದೆ. ಚೀಟಿಯ ಮೇಲೆ 2 ಆಂಪಿಯರ್ ಎಂದು ಬರೆದಿತ್ತು. ಎರಡು ದಿನ ಎಲ್ಲವೂ ಸರಿಯಾಗಿತ್ತು. ಮೂರನೆಯ ದಿನ, ಆಟದಲ್ಲಿ ದೊಡ್ಡ ಸ್ಫೋಟದ ಸದ್ದು ಬಂದ ಕೂಡಲೇ ಪರದೆ ಒಮ್ಮೆ ಬೆಳ್ಳಗೆ ಮಿಂಚಿ ಯಂತ್ರ ತಾನಾಗಿಯೇ ಮರುಪ್ರಾರಂಭವಾಯಿತು. ಅದೇ ಆಟದ ಅದೇ ಜಾಗದಲ್ಲಿ ಮತ್ತೆ ಮತ್ತೆ ಹೀಗೇ ಆದಾಗ ಆಟದ ಕಡತವೇ ಕೆಟ್ಟಿದೆಯೆಂದು ಭಾವಿಸಿ ಒಂದು ವಾರ ಕಳೆದೆ. ಕೊನೆಗೆ ಮೆಮೊರಿ ಕಾರ್ಡೇ ಕೆಟ್ಟಿತು. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡಿನ ಗತಿ ಅದೇ. ಮಲ್ಟಿಮೀಟರನ್ನು ಕನಿಷ್ಠ ಬೆಲೆ ಹಿಡಿದಿಡುವ ಕ್ರಮಕ್ಕೆ ಹಾಕಿ, ಮೊನೆಗಳನ್ನು ಬೋರ್ಡಿನ 5 ವೋಲ್ಟ್ ರಂಧ್ರಕ್ಕೆ ಮುಟ್ಟಿಸಿ ಆಡಿದಾಗ ಕಾರಣ ಕಣ್ಣಿಗೆ ಬಿತ್ತು. ಸುಮ್ಮನಿದ್ದಾಗ 5.1 ಇದ್ದ ವೋಲ್ಟೇಜ್, ಸ್ಪೀಕರ್ ಜೋರಾಗಿ ಮೊಳಗಿದ ಕ್ಷಣದಲ್ಲಿ 4.4ಕ್ಕೆ ಕುಸಿದಿತ್ತು. ಕನ್ವರ್ಟರ್ ದುರ್ಬಲವಾಗಿತ್ತು, ನಾನು ಬಳಸಿದ್ದ ಕೂದಲೆಳೆಯಂಥ ಜಂಪರ್ ತಂತಿಗಳು ಅದಕ್ಕೆ ಜೊತೆಯಾಗಿದ್ದವು.

ನನ್ನ ದೂರು ಇರುವುದು ಇಲ್ಲಿಯೇ. ಪೈ ಕುಟುಂಬದ ದೊಡ್ಡ ಬೋರ್ಡುಗಳಲ್ಲಿ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡಿ ಎಚ್ಚರಿಸುತ್ತದೆ. ಜೀರೋ ಸರಣಿಯಲ್ಲಿ ಆ ಪತ್ತೆ ಹಚ್ಚುವ ವ್ಯವಸ್ಥೆಯೇ ಇಲ್ಲ. ಬ್ಯಾಟರಿಯಿಂದ ನಡೆಸಲು ಎಲ್ಲಕ್ಕಿಂತ ಯೋಗ್ಯವಾದ ಬೋರ್ಡಿನಲ್ಲಿಯೇ ಬ್ಯಾಟರಿಯ ಕೊರತೆಯನ್ನು ಹೇಳುವ ಗುರುತು ಇಲ್ಲದಿರುವುದು ನಿಜವಾದ ಲೋಪವೆಂದು ನನ್ನ ಅನಿಸಿಕೆ. ಹಾಗಾಗಿ ಇದನ್ನು ಕೊಳ್ಳುವವರು ಮಲ್ಟಿಮೀಟರನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಈಗ ನಾನು ಇನ್ನೂ ದಪ್ಪನೆಯ 22 ಗೇಜ್ ತಂತಿ, ಕ್ಷಣಕಾಲದ ಕುಸಿತವನ್ನು ತುಂಬಿಕೊಡಲು ಬೋರ್ಡಿನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಮತ್ತು ನಂಬಿಕೆಗೆ ಅರ್ಹವಾದ ಪವರ್ ಬೋರ್ಡ್ ಹಾಕಿದ್ದೇನೆ. ಅಂದಿನಿಂದ ಒಮ್ಮೆಯೂ ಯಂತ್ರ ನಡುವೆ ನಿಂತಿಲ್ಲ. ಪೂರ್ತಿ ಚಾರ್ಜಿನಲ್ಲಿ ಎರಡು ಗಂಟೆ ನಲವತ್ತು ನಿಮಿಷ ಆಡಬಹುದು.

ಚಾರ್ಜಿಂಗ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಎಲ್ಲೆಡೆ ಸಿಗುವ ಟಿಪಿ4056 ಚಿಪ್ಪಿನ ಪುಟ್ಟ ಬೋರ್ಡು ಸೆಲ್ ಚಾರ್ಜ್ ಮಾಡಲು ಚೆನ್ನಾಗಿಯೇ ಇದೆ. ಆದರೆ ಚಾರ್ಜಿಂಗ್ ಕರೆಂಟ್ ನಿಗದಿಯ ಹತ್ತನೆಯ ಒಂದು ಭಾಗಕ್ಕೆ ಇಳಿದಾಗ ಮಾತ್ರ ಅದು ಕೆಲಸ ಮುಗಿಯಿತೆಂದು ತಿಳಿಯುತ್ತದೆ. ಚಾರ್ಜಿಗೆ ಹಾಕಿಕೊಂಡೇ ಆಡುತ್ತಿದ್ದರೆ ಯಂತ್ರ ಎಳೆಯುವ ಕರೆಂಟೂ ಅದರ ಲೆಕ್ಕಕ್ಕೆ ಸೇರುವುದರಿಂದ ಆ ಕ್ಷಣ ಬರುವುದೇ ಇಲ್ಲ, ಸೆಲ್ ತುಂಬಿದ ಮೇಲೂ ಚಾರ್ಜಿಂಗ್ ಮುಂದುವರಿಯುತ್ತದೆ. ಲೀಥಿಯಂ ಸೆಲ್‌ಗೆ ಇದು ಒಳ್ಳೆಯದಲ್ಲ. ಹೊರಗಿನ ವಿದ್ಯುತ್ತನ್ನು ಯಂತ್ರಕ್ಕೂ ಸೆಲ್‌ಗೂ ಬೇರೆಬೇರೆಯಾಗಿ ಹಂಚುವ ಪವರ್ ಬೋರ್ಡಿಗೆ ಕೆಲವು ನೂರು ರೂಪಾಯಿ ಹೆಚ್ಚು ಕೊಡುವುದು ಇದೇ ಕಾರಣಕ್ಕೆ. ಸೆಲ್‌ನ ತುದಿಗೆ ನೇರವಾಗಿ ಬೆಸುಗೆ ಕಡ್ಡಿ ತಾಗಿಸುವುದಂತೂ ಬೇಡವೇ ಬೇಡ. ಹೋಲ್ಡರ್ ಬಳಸಿ, ಇಲ್ಲವೇ ನಿಕಲ್ ಪಟ್ಟಿ ವೆಲ್ಡ್ ಆಗಿರುವ ಸೆಲ್ಲನ್ನೇ ಕೊಳ್ಳಿ.

ಪರದೆಯ ಆಯ್ಕೆಯಲ್ಲಿ ಅನೇಕರು ಎಡವುತ್ತಾರೆ. ಎಸ್‌ಪಿಐ ಎಂಬ ಸರಳ ಸಂಪರ್ಕದಿಂದ ನಡೆಯುವ ಅಗ್ಗದ ಪರದೆಗಳು ಚಿತ್ರವನ್ನು ಒಂದೇ ತಂತಿಯ ಮೇಲೆ ಒಂದೊಂದೇ ಬಿಟ್ಟಾಗಿ ಪಡೆಯುತ್ತವೆ. 480×320 ಅಳತೆಯ 16 ಬಿಟ್ ಬಣ್ಣದ ಒಂದು ಪೂರ್ಣ ಚಿತ್ರಕ್ಕೆ ಸುಮಾರು 24.6 ಲಕ್ಷ ಬಿಟ್‌ಗಳು ಬೇಕು. 32 ಮೆಗಾಹರ್ಟ್ಸ್ ವೇಗದಲ್ಲಿ ಸೆಕೆಂಡಿಗೆ 13 ಚಿತ್ರ ಮಾತ್ರ ಹೋಗಬಲ್ಲವು, ಆಟಕ್ಕೆ ಬೇಕಾದದ್ದು 60. ನಾನು ಎಚ್‌ಡಿಎಂಐ ಮೂಲಕ ನಡೆಯುವ 3.5 ಇಂಚಿನ 640×480 ಐಪಿಎಸ್ ಪರದೆ ಆರಿಸಿದೆ. ಈ ಅಳತೆ ಹಳೆಯ ಆಟಗಳಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ನಿಂಟೆಂಡೋ ಕಂಪನಿಯ 1989ರ ಹ್ಯಾಂಡ್‌ಹೆಲ್ಡ್ ಗೇಮ್ ಬಾಯ್‌ನ 160×144 ಚಿತ್ರವನ್ನು ಮೂರು ಪಟ್ಟು ಮಾಡಿದರೆ 480×432 ಆಗುತ್ತದೆ, ಅದೇ ಕಂಪನಿಯ ಹಳೆಯ ಕನ್ಸೋಲ್ ಎನ್‌ಇಎಸ್‌ನ 256×240 ಚಿತ್ರವನ್ನು ಇಮ್ಮಡಿಸಿದರೆ 512×480. ಪೂರ್ಣಾಂಕದಲ್ಲೇ ಹಿಗ್ಗುವುದರಿಂದ ಒಂದೊಂದು ಚುಕ್ಕಿಯೂ ಅಂಚು ಕಟ್ಟಿದಂತೆ ಸ್ಪಷ್ಟವಾಗಿ ನಿಲ್ಲುತ್ತದೆ.

ಗುಂಡಿಗಳ ಕೆಲಸ ಸುಲಭ. ಎಚ್‌ಡಿಎಂಐ ಪರದೆಯಾದ್ದರಿಂದ, ಹೊರಗಿನ ಭಾಗಗಳನ್ನು ಜೋಡಿಸಲು ಬೋರ್ಡಿನ ಅಂಚಿನಲ್ಲಿರುವ ಜಿಪಿಐಒ ಪಿನ್‌ಗಳು ಬಿಡುವಾಗಿಯೇ ಇರುತ್ತವೆ. ಪ್ರತಿ ಗುಂಡಿಯ ಒಂದು ಕಾಲನ್ನು ಗ್ರೌಂಡಿಗೂ ಇನ್ನೊಂದನ್ನು ಒಂದು ಪಿನ್ನಿಗೂ ಬೆಸೆದರೆ ಹನ್ನೆರಡು ಗುಂಡಿಗಳ ಕೆಲಸ ಮುಗಿಯಿತು, ಬೇರೆ ರೆಸಿಸ್ಟರ್ ಬೇಕಿಲ್ಲ. ಅನಲಾಗ್ ಕಡ್ಡಿ ಬೇಕೆಂದರೆ ಮಾತ್ರ ಬೇರೊಂದು ಚಿಪ್ ಸೇರಿಸಬೇಕು, ಏಕೆಂದರೆ ಪೈ ಬೋರ್ಡಿಗೆ ಅನಲಾಗ್ ಸಂಕೇತವನ್ನು ಓದಲು ಬಾರದು. ಇದರಲ್ಲಿ ಹೆಡ್‌ಫೋನ್ ಗೂಡೂ ಇಲ್ಲ. ಧ್ವನಿಗಾಗಿ ಎಂಎಎಕ್ಸ್98357 ಎಂಬ ಉಗುರಿನಗಲದ ಆಂಪ್ಲಿಫೈಯರ್ ಹಾಕಿದ್ದೇನೆ, ಸದ್ದು ಶುಭ್ರವಾಗಿದೆ.

ಪೆಟ್ಟಿಗೆಯನ್ನು ಮೊದಲು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಮುದ್ರಣ ಮಾಡಿಸಿದ್ದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಬಿಸಿಲಿಗೆ ನಿಂತ ಕಾರಿನಲ್ಲಿ ಮರೆತು ಬಂದಾಗ ಹಿಂಬದಿಯ ಮುಚ್ಚಳ ಹಪ್ಪಳದಂತೆ ಬಾಗಿತ್ತು. ಪಿಎಲ್‌ಎ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ 80ರವರೆಗೆ ತಡೆಯುತ್ತದೆ. ನಮ್ಮ ಬೇಸಿಗೆಗೆ ಪಿಇಟಿಜಿಯೇ ಸರಿ. ಬಿಸಿಲಿನ ಕಾರಿನಲ್ಲಿ ಸೆಲ್ ಬಿಟ್ಟು ಬರುವುದು ಮುಚ್ಚಳ ಬಾಗುವುದಕ್ಕಿಂತ ಎಷ್ಟೋ ಅಪಾಯಕಾರಿ ಎಂಬುದನ್ನೂ ಅಂದೇ ಮನಸ್ಸಿಗೆ ತಂದುಕೊಂಡೆ.

ತಂತ್ರಾಂಶಕ್ಕೆ, ಹಲವು ಎಮ್ಯುಲೇಟರ್‌ಗಳನ್ನು ಒಟ್ಟುಗೂಡಿಸಿರುವ ರೆಟ್ರೋಪೈ ಬಳಸುತ್ತಿದ್ದೇನೆ. ಗೇಮ್ ಬಾಯ್, ಎನ್‌ಇಎಸ್, ಸೂಪರ್ ಎನ್‌ಇಎಸ್ ಆಟಗಳು ನೀರು ಹರಿದಂತೆ ನಡೆಯುತ್ತವೆ. ಮೊದಲ ಪ್ಲೇಸ್ಟೇಷನ್ನಿನ ಬಹುತೇಕ ಆಟಗಳೂ ಚೆನ್ನಾಗಿಯೇ ಬರುತ್ತವೆ. ನಿಂಟೆಂಡೋ 64ಕ್ಕೆ ಬಂದಾಗ ಬೋರ್ಡಿನ ಮಿತಿ ಕಾಣುತ್ತದೆ, ಕೆಲವು ಆಟಗಳು ಎಳೆದಾಡುತ್ತವೆ. ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಯ ಆಟಗಳ ಆಸೆಯಿದ್ದವರು ಈ ಬೋರ್ಡನ್ನು ಕೊಳ್ಳಬಾರದು. ಆಟದ ಕಡತಗಳನ್ನು ಸಿಕ್ಕಸಿಕ್ಕಲ್ಲಿಂದ ಇಳಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಇಂದಿಗೂ ಹವ್ಯಾಸಿಗಳು ಗೇಮ್ ಬಾಯ್‌ಗಾಗಿಯೇ ಹೊಸ ಆಟಗಳನ್ನು ಬರೆದು ಮುಕ್ತವಾಗಿ ಹಂಚುತ್ತಿದ್ದಾರೆ. ಟೋಬು ಟೋಬು ಗರ್ಲ್ ಅಂಥದ್ದೊಂದು, ನಮ್ಮ ಮನೆಯಲ್ಲಿ ಹೆಚ್ಚು ಆಡಿರುವುದು ಅದನ್ನೇ.

ಕೆಟ್ಟುಹೋದ ಭಾಗಗಳನ್ನು ಬಿಟ್ಟು ಒಟ್ಟು ಖರ್ಚು ಸುಮಾರು 7,800 ರೂಪಾಯಿ, ಅದರಲ್ಲಿ ಪರದೆಯದೇ ದೊಡ್ಡ ಪಾಲು. ಇಷ್ಟೇ ಹಣಕ್ಕೆ ಇಂಥ ಆಟಗಳನ್ನು ಆಡಿಸುವ ಸಿದ್ಧ ಯಂತ್ರ ಸಿಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ, ಆಟವಷ್ಟೇ ಬೇಕಾದವರು ಅದನ್ನೇ ತೆಗೆದುಕೊಳ್ಳಲಿ. ಕಟ್ಟುವ ಮನಸ್ಸಿದ್ದವರಿಗೆ ನಾನು ಈ ಬೋರ್ಡನ್ನು ಧೈರ್ಯವಾಗಿ ಹೇಳುತ್ತೇನೆ. ಕೊಳ್ಳುವಾಗ ಪಿನ್‌ಗಳನ್ನು ಮೊದಲೇ ಬೆಸೆದಿರುವ ಮಾದರಿ ಬೇಡ, ಬರಿಯ ರಂಧ್ರಗಳಿರುವುದನ್ನೇ ಕೇಳಿ. ಆ ಪಿನ್‌ಗಳ ಎತ್ತರದಿಂದಲೇ ಪೆಟ್ಟಿಗೆ ಬೆರಳಿನಷ್ಟು ದಪ್ಪವಾಗುತ್ತದೆ. ನನ್ನ ಯಂತ್ರದಲ್ಲಿ ಇನ್ನೂ ಉಳಿದಿರುವ ಕೆಲಸವೆಂದರೆ ಭುಜದ, ಎಂದರೆ ಮೇಲಂಚಿನ ಎರಡು ಗುಂಡಿಗಳು. ಅಣ್ಣನ ಮಗಳ ಪುಟ್ಟ ಬೆರಳುಗಳಿಗೆ ಅವು ಎಟುಕುತ್ತಿಲ್ಲವಾದ್ದರಿಂದ ಹಿಂಬದಿಯ ಮುಚ್ಚಳವನ್ನು ಆರು ಮಿಲಿಮೀಟರ್ ಒಳಕ್ಕೆ ತಂದು ಹೊಸದಾಗಿ ಮುದ್ರಿಸಲು ಕೊಟ್ಟಿದ್ದೇನೆ.