ಮೂರು ಇಯರ್‌ಫೋನ್, ಎರಡು ಕಿವಿ: ದಿನಾ ಬಳಸಿದ ಮೇಲೆ ಅನಿಸಿದ್ದು

ಕಿವಿಯೊಳಗೆ ಕೂರುವ ಇಯರ್‌ಫೋನ್‌ಗೆ ಸೌಂಡಿಗೆ ಇಷ್ಟು, ಫಿಟ್ಟಿಂಗಿಗೆ ಇಷ್ಟು ಅಂತ ಬೇರೆ ಬೇರೆ ಮಾರ್ಕು ಕೊಡೋದು ನನ್ನ ಪ್ರಕಾರ ಸರಿಯಲ್ಲ. ಸರಿಯಾಗಿ ಕೂತರೆ ಮಾತ್ರ ಅದರ ಸೌಂಡ್ ಏನು ಅಂತ ಗೊತ್ತಾಗುತ್ತದೆ. ಕೂರದಿದ್ದರೆ ಅದರೊಳಗೆ ಸದ್ದು ಹುಟ್ಟಿಸುವ ಡ್ರೈವರ್ ಎಂಥದ್ದಿದ್ದರೂ ಒಂದೇ. ಎರಡು ವರ್ಷಕ್ಕೂ ಮೇಲೆ ಮೂರು ಸೆಟ್ ಬದಲಾಯಿಸಿ ಬದಲಾಯಿಸಿ ಬಳಸಿ ಈ ಮಾತು ಹೇಳುತ್ತಿದ್ದೇನೆ.

ನನ್ನ ಮನೆ ಮಂಡ್ಯ, ಕೆಲಸ ಮೈಸೂರು. ದಿನಾ ರೈಲು, ರೈಲು ತಪ್ಪಿದರೆ ಬಸ್ಸು. ಹಾಗಾಗಿ ನಾನು ಹಾಡು ಕೇಳುವುದು ಹೆಚ್ಚಾಗಿ ಗಲಾಟೆಯ ನಡುವೆಯೇ. ಸದ್ದಿಲ್ಲದ ಕೋಣೆಯಲ್ಲಿ ಕೂತು ಕೇಳುವವರಿಗೆ ನನ್ನ ಲೆಕ್ಕಾಚಾರ ಪೂರ್ತಿ ಹೊಂದದೇ ಇರಬಹುದು.

ಮೊದಲನೆಯದು 7ಹರ್ಟ್ಜ್ ಸಾಲ್‌ನೋಟ್ಸ್ ಝೀರೋ. 2022ರಲ್ಲಿ ಬಂದದ್ದು. ಒಳಗೆ 10 ಮಿಲಿಮೀಟರಿನ ಒಂದೇ ಡೈನಾಮಿಕ್ ಡ್ರೈವರ್, ಅಂದರೆ ಮಾಮೂಲಿ ಸ್ಪೀಕರಿನ ಪುಟ್ಟ ರೂಪ. ಬೆಲೆ ಕಡಿಮೆ. ಎರಡನೆಯದು ಎಟಿಮೋಟಿಕ್ ಇಆರ್2ಎಕ್ಸ್ಆರ್. ಇದರಲ್ಲೂ ಒಂದೇ ಡೈನಾಮಿಕ್ ಡ್ರೈವರ್. ಆದರೆ ಆಕಾರವೇ ಬೇರೆ, ಪೆನ್ಸಿಲ್ ತುಂಡಿನ ಹಾಗೆ ಸಣ್ಣಗೆ, ಉದ್ದಕ್ಕೆ. ಮೂರನೆಯದರ ಹೆಸರು ಬರೆಯುತ್ತಿಲ್ಲ. ಅದು ರೆಸಿನ್ ಬಾಡಿಯ ದಪ್ಪ ಸೆಟ್, ಬಾಸ್‌ಗೆ ಡೈನಾಮಿಕ್ ಡ್ರೈವರ್, ಮೇಲಿನ ಸ್ವರಗಳಿಗೆ ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನುವ ಬೇರೆ ಬಗೆಯ ಸಣ್ಣ ಡ್ರೈವರ್. ಮೂರರಲ್ಲಿ ದುಬಾರಿಯದು ಅದೇ. ನೋಡಲೂ ಅದೇ ಚೆಂದ.

ಬಾಸ್ ಪರೀಕ್ಷೆಗೆ ಎಲ್ಲರೂ ಯಾವುದೋ ಡಿಜೆ ಟ್ರ್ಯಾಕ್ ಹಾಕುತ್ತಾರೆ. ನಾನು ಹಾಕುವುದು ವೀಣೆ. ಮೈಸೂರಿನ ಸುತ್ತಮುತ್ತ ಇದ್ದು ವೀಣೆ ಬಿಟ್ಟು ಬೇರೇನು ಹಾಕೋದು, ಅಲ್ವಾ? ದೊರೆಸ್ವಾಮಿ ಅಯ್ಯಂಗಾರ್ ಅವರ ನುಡಿಸಾಣಿಕೆ ಇದಕ್ಕೆ ಚೆನ್ನ, ಒಂದೊಂದು ಮೀಟೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ವೀಣೆಯ ನಾಲ್ಕು ಮುಖ್ಯ ತಂತಿಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ಥಾಯಿಯದು ಅನುಮಂದ್ರ ಪಂಚಮ. ಮೂರು ಮನೆ ಶ್ರುತಿಗೆ (ಹಾರ್ಮೋನಿಯಂನ ಮೂರನೇ ಬಿಳಿ ಮನೆ) ಕೂಡಿಸಿದರೆ ಅದು ಸುಮಾರು 60 ಹರ್ಟ್ಜ್ ಸುತ್ತ ಬರುತ್ತದೆ. ಇಯರ್‌ಫೋನ್ ಮತ್ತು ಕಿವಿಯ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಮೊದಲು ಸೋರಿ ಹೋಗುವುದು ಈ ಕೆಳಗಿನ ಸ್ವರಗಳೇ. ತಂತಿ ಮೀಟಿದ್ದು ಕೇಳುತ್ತದೆ, ಆದರೆ ಕುಂಬಳದ ಬುರುಡೆ, ಕೊಡ, ಮರ ಇವೆಲ್ಲ ಇದ್ದ ಹಾಗೇ ಅನಿಸಲ್ಲ.

ರೆಸಿನ್ ಸೆಟ್ಟಿನಲ್ಲಿ ನನಗೆ ಆಗಿದ್ದು ಇದೇ. ಬಲಗಿವಿಯಲ್ಲಿ ಪೂರ್ತಿ ವೀಣೆ, ಎಡಗಿವಿಯಲ್ಲಿ ಅರ್ಧ. ಅದರ ಕೊಳವೆ, ಅಂದರೆ ಕಿವಿಯೊಳಗೆ ಹೋಗುವ ತುದಿ, ತೀರಾ ದಪ್ಪ, ನನ್ನ ಎಡಗಿವಿಯ ತಿರುವಿನಲ್ಲಿ ಒಳಗೆ ಹೋಗುವುದೇ ಇಲ್ಲ. ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದರೆ ಬಾಸ್ ತಟ್ಟನೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ನಿಮ್ಮ ಇಯರ್‌ಫೋನಿಗೂ ಈ ಪರೀಕ್ಷೆ ಮಾಡಿ ನೋಡಿ. ಒತ್ತಿದಾಗ ಬಾಸ್ ಜಾಸ್ತಿಯಾದರೆ ತೊಂದರೆ ಡ್ರೈವರಿನದ್ದಲ್ಲ, ಟಿಪ್ಪಿನದ್ದು, ಅಂದರೆ ಕೊಳವೆಗೆ ಹಾಕುವ ಮೆತ್ತನೆಯ ಟೊಪ್ಪಿಯದ್ದು. ಈಕ್ವಲೈಜರ್‌ನಲ್ಲಿ ಬಾಸ್ ಏರಿಸಿ ಇದನ್ನು ಸರಿ ಮಾಡಲು ಹೋಗಬೇಡಿ. ಸರಿಯಾಗಿ ಕೂತ ಕಿವಿಯಲ್ಲಿ ಢಂ ಢಂ ಅನ್ನುತ್ತದೆ, ಕೂರದ ಕಿವಿಯಲ್ಲಿ ಹಾಗೇ ಇರುತ್ತದೆ.

ಝೀರೋ ಈ ವಿಷಯದಲ್ಲಿ ಆಶ್ಚರ್ಯ ತಂದಿತು. ಚಪ್ಪಟೆಯಾದ ಚೌಕ ಬಾಡಿ ನೋಡಿ ಇದೆಲ್ಲಿ ಕೂರುತ್ತದೆ ಅಂದುಕೊಂಡಿದ್ದೆ. ಆದರೆ ಹಗುರ ಇದೆ, ಕಿವಿಯ ಹಾಲೆಯ ಒಳಗೆ ತೆಪ್ಪಗೆ ಒರಗುತ್ತದೆ. ಎಡಕ್ಕೆ ದೊಡ್ಡ ಟಿಪ್, ಬಲಕ್ಕೆ ಮಧ್ಯಮ ಹಾಕಿಕೊಂಡಿದ್ದೇನೆ. ಎರಡೂ ಕಿವಿ ಒಂದೇ ಅಳತೆ ಇರಲೇಬೇಕು ಅಂತೇನಿಲ್ಲ. ಪ್ಯಾಕೆಟ್ಟಿನಲ್ಲಿ ಅಷ್ಟೊಂದು ಟಿಪ್ ಕೊಡುವುದು ಡಬ್ಬಿಯಲ್ಲೇ ಇಟ್ಟುಬಿಡಲಿ ಅಂತ ಅಲ್ಲ. ಸೌಂಡ್ ಹಾರ್ಮನ್ ಟಾರ್ಗೆಟ್‌ಗೆ (ಹೆಚ್ಚಿನವರಿಗೆ ಹಿಡಿಸುತ್ತದೆ ಅಂತ ಸಂಶೋಧನೆಯಿಂದ ಗುರುತಿಸಿದ ಸೌಂಡ್ ಮಾದರಿ) ಹತ್ತಿರ: ಗಾಯಕರ ದನಿ ಮುಂದೆ, ಬಾಸ್ ಅತಿಯಾಗದೆ ಹಿತವಾಗಿ. ಈ ಬೆಲೆಗೆ ಇದಕ್ಕಿಂತ ಜಾಸ್ತಿ ಕೇಳುವುದು ದುರಾಸೆ.

ಎಟಿಮೋಟಿಕ್ ಕಥೆ ಬೇರೆ. ಈ ಕಂಪನಿ 1991ರಲ್ಲೇ ಇಆರ್-4 ಅನ್ನುವ ಇಯರ್‌ಫೋನ್ ತಂದಿತ್ತು. ಶ್ರವಣ ಸಾಧನಗಳ ತಂತ್ರಜ್ಞಾನದಲ್ಲಿ ಪಳಗಿದ ಮೀಡ್ ಕಿಲಿಯನ್ ಇದರ ಸ್ಥಾಪಕರು. ಕಿವಿ ಕಾಲುವೆಯೊಳಗೆ ಆಳಕ್ಕೆ ಇಳಿಸಿ ಹೊರಗಿನ ಸದ್ದು ಮುಚ್ಚುವುದು ಇವರ ದಾರಿ. ಮೂರು ಕೊಡೆ ಒಂದರ ಮೇಲೊಂದು ಇಟ್ಟಂತಿರುವ ಟಿಪ್ ಅದಕ್ಕೇ. ಹಾಕುವ ರೀತಿಯನ್ನೂ ಕಲಿಯಬೇಕು. ಎದುರು ಕೈಯಿಂದ ತಲೆಯ ಹಿಂದಿನಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿದರೆ ಕಾಲುವೆ ನೇರವಾಗುತ್ತದೆ. ಟಿಪ್ಪನ್ನು ಸ್ವಲ್ಪ ಒದ್ದೆ ಮಾಡಿ, ನಿಧಾನವಾಗಿ ತಳ್ಳಬೇಕು. ಮೊದಮೊದಲು ಕಿವಿಗೆ ಏನೋ ಹೊಕ್ಕ ಹಾಗೆ ಕಿರಿಕಿರಿ. ಪಕ್ಕದ ಸೀಟಿನ ಅಜ್ಜಿಯೊಬ್ಬರು "ಯಾಕಪ್ಪಾ, ಕಿವಿ ನೋವಾ?" ಅಂತ ಕೇಳಿದ್ದರು. ಕೆಲವು ವಾರ ಕಳೆದರೆ ಅಭ್ಯಾಸವಾಗುತ್ತದೆ. ಆಗದವರೂ ಇದ್ದಾರೆ. ನನ್ನ ಹೆಂಡತಿ ಒಮ್ಮೆ ಹಾಕಿ ವಾಪಸ್ ಕೊಟ್ಟವಳು ಮತ್ತೆ ಮುಟ್ಟಿಲ್ಲ.

ಆದರೆ ಒಮ್ಮೆ ಒಳಗೆ ಕೂತಿತೋ, ರೈಲೇ ಮಾಯ. ಶ್ರೀರಂಗಪಟ್ಟಣ ದ್ವೀಪ ಆದ್ದರಿಂದ ನಮ್ಮ ರೈಲು ಸ್ಟೇಷನ್ನಿನ ಈಚೆ ಒಮ್ಮೆ, ಆಚೆ ಒಮ್ಮೆ ಕಾವೇರಿ ದಾಟುತ್ತದೆ. ಸೇತುವೆ ಮೇಲೆ ಬೋಗಿಯ ಸದ್ದು ಹೇಗೆ ಬದಲಾಗುತ್ತದೆ ಅಂತ ಈ ದಾರಿಯಲ್ಲಿ ಓಡಾಡುವವರಿಗೆ ಗೊತ್ತು. ರೆಸಿನ್ ಸೆಟ್ಟಿನಲ್ಲಿ ಅಲ್ಲಿ ಹಾಡು ಮುಳುಗಿಹೋಗುತ್ತದೆ. ಝೀರೋದಲ್ಲಿ ವಾಲ್ಯೂಮ್ ಎರಡು ಗೆರೆ ಏರಿಸಬೇಕು. ಎಟಿಮೋಟಿಕ್‌ನಲ್ಲಿ ಫೋನ್ ಮುಟ್ಟುವುದೇ ಬೇಡ.

ಇದು ಬರೀ ಸುಖದ ಮಾತಲ್ಲ. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್ ತನಕ ಕೇಳಬಹುದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 3 ಡೆಸಿಬಲ್ ಏರಿಸಿದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ, 83ಕ್ಕೆ 20 ಗಂಟೆ. ಹೊರಗಿನ ಸದ್ದನ್ನು ಮುಚ್ಚಲು ಹಾಡಿನ ಸದ್ದು ಏರಿಸುತ್ತಾ ಹೋದರೆ ಎಲ್ಲಿಗೆ ಮುಟ್ಟುತ್ತೇವೆ ಅಂತ ನೀವೇ ಲೆಕ್ಕ ಹಾಕಿ. ಹಾಗಂತ ಎಟಿಮೋಟಿಕ್ ಹಾಕಿಕೊಂಡು ರಸ್ತೆ ದಾಟುವುದು ಶುದ್ಧ ದಡ್ಡತನ. ಸ್ಟೇಷನ್ನಿನಲ್ಲಿ ಇಳಿಯುವ ಮೊದಲೇ ತೆಗೆದು ಡಬ್ಬಿಗೆ ಹಾಕುತ್ತೇನೆ.

ಇನ್ನು ಟ್ರೆಬಲ್, ಅಂದರೆ ಮೇಲಿನ ಸ್ವರಗಳ ಸದ್ದು. ಸ, ಶ, ಷ ಬಂದಾಗ ಕಿವಿಗೆ ಚುಚ್ಚುತ್ತದೆ ಅಂತ ಹಲವರು ದೂರುತ್ತಾರೆ. ಇದಕ್ಕೂ ಕೂರುವ ಆಳಕ್ಕೂ ಸಂಬಂಧ ಇದೆ. ಇಯರ್‌ಫೋನ್ ತುದಿಗೂ ಕಿವಿ ತಮಟೆಗೂ ನಡುವಿನ ಜಾಗದಲ್ಲಿ ಗಾಳಿ ಅನುರಣಿಸುತ್ತದೆ. ಆ ಜಾಗ ಉದ್ದ ಇದ್ದರೆ ಅನುರಣನ ಕೆಳಗಿನ ಫ್ರೀಕ್ವೆನ್ಸಿಗೆ ಇಳಿದು ಸಕಾರದ ಹತ್ತಿರವೇ ಬರುತ್ತದೆ. ಆಳಕ್ಕೆ ಇಳಿಸಿದರೆ ಮೇಲಕ್ಕೆ ಸರಿದು ಕಾಟ ಕಡಿಮೆಯಾಗುತ್ತದೆ. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಹಳೇ ರೆಕಾರ್ಡಿಂಗ್ ಹಾಕಿ ನೋಡಿ. ಆ ಕಾಲದ ಚರಪರ ಸದ್ದು ರೆಸಿನ್ ಸೆಟ್ಟಿನಲ್ಲಿ ಪಿಟೀಲಿಗಿಂತ ಮುಂದೆ ಬಂದು ನಿಲ್ಲುತ್ತದೆ. ಎಟಿಮೋಟಿಕ್‌ನಲ್ಲಿ ಅದು ಹಿಂದೆ ಉಳಿಯುತ್ತದೆ, ಕಮಾನಿನ ಎಳೆತ ಸ್ಪಷ್ಟವಾಗಿ ಕೇಳುತ್ತದೆ.

ತಿನ್ನುವಾಗ ಮಾತ್ರ ಮೂರೂ ಸೋಲುತ್ತವೆ. ದವಡೆ ಆಡಿದಂತೆ ಕಿವಿ ಕಾಲುವೆಯ ಆಕಾರ ಬದಲಾಗಿ ಬಿಗಿ ತಪ್ಪುತ್ತದೆ. ರೈಲಿನಲ್ಲಿ ಮದ್ದೂರು ವಡೆ ಬಂದರೆ ಹಾಡು ನಿಲ್ಲಿಸಿಬಿಡುವುದೇ ವಾಸಿ. ಕಿವಿ ಮುಚ್ಚಿಕೊಂಡು ಕರುಂಕುರುಂ ಅಂತ ಅಗಿದರೆ ತಲೆಯೊಳಗೇ ಗಿರಣಿ ಓಡುತ್ತದೆ.

ವೈರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರರದ್ದೂ ಬಿಚ್ಚಿ ಬದಲಾಯಿಸಬಹುದು. ಝೀರೋದಲ್ಲಿ 0.78 ಮಿಲಿಮೀಟರಿನ ಎರಡು ಪಿನ್, ಎಟಿಮೋಟಿಕ್‌ನಲ್ಲಿ ಎಂಎಂಸಿಎಕ್ಸ್ ಅನ್ನುವ ಗುಂಡನೆಯ ಕನೆಕ್ಟರ್. ಕಿವಿಯ ಮೇಲಿಂದ ಸುತ್ತಿ ಹಾಕಿದರೆ ವೈರ್ ಅಂಗಿಗೆ ಉಜ್ಜುವ ಸದ್ದು ಕಡಿಮೆ. ರೆಸಿನ್ ಸೆಟ್ಟಿನ ಪಿನ್ನು ಬೆವರಿಗೆ ಹಸಿರುಗಟ್ಟಿತು, ಅದಕ್ಕೊಂದು ಹೊಸ ವೈರ್ ಖರ್ಚು. ಎಟಿಮೋಟಿಕ್‌ಗೆ ಗುಗ್ಗೆ ತಡೆಯುವ ಸಣ್ಣ ಫಿಲ್ಟರ್ ಇದೆ, ಆಗಾಗ ಬದಲಾಯಿಸಬೇಕು. ಒಂದು ಕಡೆ ಸದ್ದು ಕಡಿಮೆಯಾದರೆ ಮೊದಲು ಅದನ್ನೇ ನೋಡಿ.

"ಈ ಕಾಲದಲ್ಲಿ ವೈರ್ ಯಾಕೆ ಮಾರಾಯ?" ಅನ್ನುತ್ತಾರೆ ಸ್ನೇಹಿತರು. ಒಂದು ಕಾರಣ ಬ್ಯಾಟರಿ. ವೈರ್‌ಲೆಸ್ ಬಡ್‌ನ ಅಷ್ಟು ಸಣ್ಣ ಬ್ಯಾಟರಿ ವರ್ಷಗಳು ಕಳೆದಂತೆ ಸೊರಗುತ್ತದೆ, ಹೆಚ್ಚಿನವುಗಳಲ್ಲಿ ಅದನ್ನು ಬದಲಾಯಿಸುವುದು ಕಷ್ಟ. ಇನ್ನೊಂದು ಕಾರಣ ರೇಡಿಯೋ. ನನ್ನ ಹಳೇ ಫೋನಿನಲ್ಲಿ ಎಫ್‌ಎಂ ಇದೆ, ಅದಕ್ಕೆ ಇಯರ್‌ಫೋನ್ ವೈರೇ ಆಂಟೆನಾ. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ ಊರಿನಲ್ಲಿ ದುಡಿದುಕೊಂಡು, 100.6 ಕೇಳದೆ ಇರುವುದು ಹೇಗೆ? ರೇಡಿಯೋ ಮಾತಿಗೆ ಝೀರೋ ಸಾಕು, ಸಾಕೇನು, ಅದೇ ಸರಿ.

ಕೊಳ್ಳುವವರಿಗೆ ನನ್ನ ಸಲಹೆ: ಮೊದಲ ಸಲವಾದರೆ ಝೀರೋ ಥರದ್ದು ತೆಗೆದುಕೊಂಡು, ಉಳಿದ ದುಡ್ಡಿನಲ್ಲಿ ಬೇರೆ ಬೇರೆ ಅಳತೆಯ ಒಳ್ಳೇ ಸಿಲಿಕಾನ್ ಟಿಪ್, ಒಂದು ಜೊತೆ ಫೋಮ್ ಟಿಪ್ ಕೊಳ್ಳಿ. ಫೋಮ್ ಬಿಗಿಯಾಗಿ ಕೂರುತ್ತದೆ, ಆದರೆ ಬೆವರಿಗೆ ಬೇಗ ಹಾಳಾಗುತ್ತದೆ, ಟ್ರೆಬಲ್ಲನ್ನೂ ತುಸು ತಗ್ಗಿಸುತ್ತದೆ. ದಿನಾ ರೈಲು, ಬಸ್ಸು ಇದ್ದು, ಕಿವಿಯೊಳಗೆ ಆಳಕ್ಕೆ ಇಳಿಸುವುದನ್ನು ಸಹಿಸುವಿರಾದರೆ ಎಟಿಮೋಟಿಕ್. ಡ್ರೈವರ್ ಎಷ್ಟಿದೆ ಅಂತ ಎಣಿಸುವ ಬದಲು ಕೊಳವೆ ಎಷ್ಟು ದಪ್ಪ ಅಂತ ಕೇಳಿ. 6 ಮಿಲಿಮೀಟರಿನ ಆಚೆ ಈಚೆ ಇದ್ದರೆ ಸಣ್ಣ ಕಿವಿಯವರು ಹಾಕಿ ನೋಡದೆ ದುಡ್ಡು ಕೊಡಬೇಡಿ.

ರೆಸಿನ್ ಸೆಟ್ ಈಗ ಪಾಂಡವಪುರದ ನಮ್ಮ ಭಾವನ ಹತ್ತಿರ ಇದೆ. ಅವರ ಕಿವಿ ದೊಡ್ಡದು, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ. "ಇಷ್ಟು ಒಳ್ಳೇ ಸೌಂಡ್ ಇಟ್ಟುಕೊಂಡು ನೀನು ಆ ಪ್ಲಾಸ್ಟಿಕ್ಕಿನ ಚೌಕದಲ್ಲಿ ಕೇಳ್ತೀಯಲ್ಲಪ್ಪಾ" ಅಂತ ಸಿಕ್ಕಾಗಲೆಲ್ಲ ಬೈಯುತ್ತಾರೆ. ವಾಪಸ್ ಕೊಡುವ ಮಾತು ಮಾತ್ರ ಎತ್ತಿಲ್ಲ.