ಶಿರಸಿಯ ನಮ್ಮ ಆಫೀಸಿನ ಸ್ವಂತ ಮೇಲ್ ಸರ್ವರ್: ಆರು ವರ್ಷ ಬಳಸಿದ ಮೇಲೆ

ಪೂರ್ತಿ ಓದೋಕೆ ಪುರಸೊತ್ತಿಲ್ಲದವರಿಗಾಗಿ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಸರ್ವರಿನಲ್ಲಿ ಮೇಲ್ ತರಿಸಿಕೊಳ್ಳೋದು ಸುಲಭ, ಕಳಿಸೋದು ಕಷ್ಟ. ಆಫೀಸಿನ ಒಳಗಿನ ಕೆಲಸಕ್ಕೆ, ಅಂದರೆ ಫೈಲ್ ಇಡೋದು, ಪ್ರಿಂಟರ್, ಕಂಪ್ಯೂಟರುಗಳಿಗೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಗುರುತಿಸುವ ನಂಬರು) ಹಂಚೋದು ಇಂಥದ್ದಕ್ಕೆಲ್ಲ ಧೈರ್ಯವಾಗಿ ಸರ್ವರ್ ಹಾಕಿಕೊಳ್ಳಿ. ಹೊರಗೆ ಹೋಗುವ ಮೇಲ್ ಮಾತ್ರ ಆಫೀಸಿನ ಲೈನಿನಿಂದ ನೇರವಾಗಿ ಕಳಿಸಬೇಡಿ. ನಾವು ಕಳಿಸಲು ಹೋಗಿ ಒಂದು ವರ್ಷ ಒದ್ದಾಡಿದೆವು.

ನಮ್ಮದು ಅಡಿಕೆ, ಕಾಳುಮೆಣಸಿನ ವ್ಯಾಪಾರ. ಹದಿನಾಲ್ಕು ಜನ ಇದ್ದೇವೆ. ಆಫೀಸಿನ ಹಿಂದೆ ಅಂಗಳ, ಅಂಗಳ ದಾಟಿದರೆ ಗೋದಾಮು. ಖರೀದಿದಾರರು ಹೆಚ್ಚಿನವರು ಉತ್ತರ ಭಾರತದವರು. ದರ, ಇನ್‌ವಾಯ್ಸ್, ಇ-ವೇ ಬಿಲ್ ಎಲ್ಲ ಮೇಲ್ ಮೇಲೆ ನಡೆಯುತ್ತದೆ. 2019ರ ನವೆಂಬರಿನಲ್ಲಿ ಸೆಕೆಂಡ್‌ಹ್ಯಾಂಡ್ ಟವರ್ ಒಂದನ್ನು ತಂದು, 8 ಜಿಬಿ ರ‍್ಯಾಮ್ ಹಾಕಿ, ಒಂದರ ಪ್ರತಿ ಇನ್ನೊಂದರಲ್ಲಿ ಇರುವ ಹಾಗೆ ಎರಡು ಡಿಸ್ಕ್ ಜೋಡಿಸಿ ಡೆಬಿಯನ್ 10 ಅನ್ನುವ ಲಿನಕ್ಸ್ ಹಾಕಿದೆವು. ಮೇಲ್ ಸಾಗಿಸೋಕೆ ಪೋಸ್ಟ್‌ಫಿಕ್ಸ್, ಎಲ್ಲರ ಮೇಲ್ ಪೆಟ್ಟಿಗೆಗೆ ಡವ್‌ಕಾಟ್, ಫೈಲಿಗೆ ಸಾಂಬಾ, ಐಪಿ ವಿಳಾಸಕ್ಕೆ ಡಿಎನ್‌ಎಸ್‌ಮಾಸ್ಕ್. ಯಾವುದಕ್ಕೂ ಲೈಸೆನ್ಸ್ ದುಡ್ಡಿಲ್ಲ. ಪೋಸ್ಟ್‌ಫಿಕ್ಸ್ 1998ರಿಂದ ಇದೆ, ವೀತ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದದ್ದು. ಡವ್‌ಕಾಟ್ 2002ರದ್ದು. ಇಷ್ಟು ವರ್ಷ ಜಗತ್ತೆಲ್ಲ ಬಳಸಿ ಪಳಗಿದ ಸಾಫ್ಟ್‌ವೇರ್ ಅನ್ನೋದೇ ನನಗೆ ಧೈರ್ಯ ಕೊಟ್ಟದ್ದು. ಆರು ವರ್ಷದಲ್ಲಿ ಪೋಸ್ಟ್‌ಫಿಕ್ಸ್ ತಾನಾಗಿ ನಿಂತಿದ್ದು ಒಮ್ಮೆಯೂ ಇಲ್ಲ. ನಿಂತಾಗೆಲ್ಲ ಕಾರಣ ಕರೆಂಟು, ಸಿಡಿಲು, ಇಲ್ಲಾ ನಾವು.

ಮೊದಲ ಮಳೆಗಾಲದ ಒಂದು ಘಟನೆ ಹೇಳಲೇಬೇಕು. ಜುಲೈ ತಿಂಗಳು. ಗಾಳಿಮಳೆಗೆ ಮರ ಬಿದ್ದು ಕರೆಂಟೂ ಇಲ್ಲ, ಫೈಬರ್ ಲೈನೂ ಇಲ್ಲ. ಎರಡು ದಿನ ಹಾಗೇ. ಖರೀದಿದಾರರ ಮೇಲ್ ಎಲ್ಲ ಹೋಯಿತು ಅಂತ ಯಜಮಾನರು ಊಟ ಬಿಟ್ಟು ಕೂತಿದ್ದರು. ಮೂರನೇ ದಿನ ಮಧ್ಯಾಹ್ನ ಲೈನ್ ಬಂತು. ನಾನು ಲಾಗ್, ಅಂದರೆ ಸರ್ವರಿನ ದಿನಚರಿ ಫೈಲ್, ತೆರೆದು ನೋಡುತ್ತಾ ಕೂತೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಸಾಲು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹಿಂದಿನ ದಿನ ಬೆಳಿಗ್ಗೆ ಕಳಿಸಿದ ಮೇಲ್ ಈಗ ಬರುತ್ತಿದೆ. ಸಂಜೆಯೊಳಗೆ ಎಲ್ಲವೂ ಬಂದು ಸೇರಿದವು. ನಮ್ಮ ಸರ್ವರ್ ಸಿಗದಿದ್ದರೆ ಕಳಿಸುವ ಕಡೆಯ ಸರ್ವರ್ ಮೇಲನ್ನು ಬಿಸಾಡುವುದಿಲ್ಲ. ತನ್ನ ಸಾಲಿನಲ್ಲಿ ಇಟ್ಟುಕೊಂಡು ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಬೇಕು ಅನ್ನೋದು ಮೇಲ್ ಸಾಗಣೆಯ ನಿಯಮದಲ್ಲೇ ಇದೆ. ಪೋಸ್ಟ್‌ಫಿಕ್ಸ್ ತಾನೂ 5 ದಿನ ಇಟ್ಟುಕೊಳ್ಳುತ್ತದೆ. ಎರಡು ಪ್ರಯತ್ನದ ನಡುವೆ ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಬಿಡುವು ಇರಬಹುದು, ಅದಕ್ಕೇ ಲೈನ್ ಬಂದ ತಕ್ಷಣ ಮೇಲ್ ದಬದಬ ಬೀಳಲ್ಲ. ಇದು ಗೊತ್ತಿದ್ದರೆ ಅರ್ಧ ಗಾಬರಿ ಹೋಗುತ್ತದೆ.

ಅವತ್ತೇ ಇನ್ನೊಂದು ಪಾಠವೂ ಆಯಿತು. ನಾವು ಕಳಿಸಿದ ಮೇಲ್ ಹೀಗೆ ಸಾಲಿನಲ್ಲಿ ಕೂತಿದ್ದರೆ ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ. ಪೋಸ್ಟ್‌ಫಿಕ್ಸ್‌ನಲ್ಲಿ ತಡವಾದರೆ ಎಚ್ಚರಿಸುವ ಸೆಟ್ಟಿಂಗ್ ಇದೆ, ಆದರೆ ಮೊದಲಿಗೆ ಅದು ಬಂದ್ ಇರುತ್ತದೆ. ನಾಲ್ಕು ಗಂಟೆಗೆ ಇಟ್ಟೆವು. ಈಗ ಮೇಲ್ ಹೋಗದಿದ್ದರೆ ಕಳಿಸಿದವರಿಗೇ ಚೀಟಿ ಬರುತ್ತದೆ, ಅವರು ಫೋನ್ ಎತ್ತಿಕೊಂಡು ಮಾತಾಡಿ ಮುಗಿಸುತ್ತಾರೆ.

ಈಗ ಕಳಿಸುವ ಕಷ್ಟಕ್ಕೆ ಬರೋಣ. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ, ತಗೊಂಡರೆ ಸಾಕು ಅಂದುಕೊಂಡಿದ್ದೆವು. ಸಾಲಲಿಲ್ಲ. ಮೇಲ್ ಪಡೆಯುವ ಸರ್ವರ್ ಮೊದಲು ನೋಡೋದು ಆ ಐಪಿಯನ್ನು ಹಿಂದಿನಿಂದ ಹುಡುಕಿದರೆ ಯಾವ ಹೆಸರು ಬರುತ್ತದೆ ಅಂತ. ಇದಕ್ಕೆ ರಿವರ್ಸ್ ಡಿಎನ್‌ಎಸ್ ಅನ್ನುತ್ತಾರೆ. ನಮ್ಮ ಡೊಮೇನಿನ ಬೇರೆ ದಾಖಲೆಗಳೆಲ್ಲ ನಮ್ಮ ಕೈಯಲ್ಲಿರುತ್ತವೆ, ಇದೊಂದು ಐಪಿ ಕೊಟ್ಟವರ ಕೈಯಲ್ಲಿ. ಇಂಟರ್‌ನೆಟ್ ಕೊಟ್ಟವರಿಗೆ ಎಷ್ಟು ಸಲ ಹೇಳಿದರೂ ಕೆಲಸ ಆಗಲಿಲ್ಲ. ಮೇಲಾಗಿ ಮನೆ, ಅಂಗಡಿಗೆ ಕೊಡುವ ಐಪಿ ಸಾಲುಗಳನ್ನು ಸ್ಪ್ಯಾಮ್‌ಹೌಸ್‌ನಂಥ ಪಟ್ಟಿಗಳಲ್ಲಿ ‘ಇಲ್ಲಿಂದ ನೇರ ಮೇಲ್ ಬರುವಂಥದ್ದಲ್ಲ’ ಅಂತ ಮೊದಲೇ ಸೇರಿಸಿರುತ್ತಾರೆ. ನಾವು ಏನೂ ತಪ್ಪು ಮಾಡದೆಯೂ ನಮ್ಮ ಮೇಲ್ ಸ್ಪ್ಯಾಮಿಗೆ ಬೀಳುತ್ತಿತ್ತು, ಇಲ್ಲಾ ವಾಪಸ್ ಬರುತ್ತಿತ್ತು. ದರ ಕಳಿಸಿದ್ದೇವೆ ಅಂತ ನಾವು, ಬಂದಿಲ್ಲ ಅಂತ ಅವರು. ವ್ಯಾಪಾರದಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ? ಬೆಳಿಗ್ಗೆ ಇದ್ದ ರಾಶಿ ಅಡಿಕೆಯ ದರ ಸಂಜೆಗೆ ಇರುವುದಿಲ್ಲ.

ಕೊನೆಗೆ ವಿಪಿಎಸ್, ಅಂದರೆ ಡೇಟಾ ಸೆಂಟರಿನಲ್ಲಿ ತಿಂಗಳ ಬಾಡಿಗೆಗೆ ಸಿಗುವ ಸಣ್ಣ ಸರ್ವರ್ ಒಂದನ್ನು ತಗೊಂಡೆವು. ಅಲ್ಲಿ ರಿವರ್ಸ್ ಡಿಎನ್‌ಎಸ್ ನಾವೇ ಬರೆಯಬಹುದು. ಆಫೀಸಿನ ಸರ್ವರ್ ಪಾಸ್‌ವರ್ಡ್ ಕೊಟ್ಟು 587ನೇ ಪೋರ್ಟಿನಲ್ಲಿ ಅದಕ್ಕೆ ಮೇಲ್ ಒಪ್ಪಿಸುತ್ತದೆ, ಅದು ಹೊರಗೆ ಕಳಿಸುತ್ತದೆ. ಒಳಬರುವ ಮೇಲೂ ಮೊದಲು ಅಲ್ಲಿಗೇ ಬಂದು, ವೈರ್‌ಗಾರ್ಡ್ ಅನ್ನುವ, ಹೊರಗಿನವರು ಓದಲಾಗದ ಸುರಂಗದ ಮೂಲಕ ನಮ್ಮಲ್ಲಿಗೆ ಬರುತ್ತದೆ. ಮಳೆಗಾಲದಲ್ಲಿ ನಾವು ಬಂದ್ ಆದರೂ ಮೇಲ್ ನಮ್ಮದೇ ಸಾಲಿನಲ್ಲಿ ಕಾಯುತ್ತದೆ. ಅಲ್ಲಿ ಐದರ ಬದಲು ಹತ್ತು ದಿನ ಅಂತ ಇಟ್ಟಿದ್ದೇನೆ. ಈ ಒಂದು ಬದಲಾವಣೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಲೇಬೇಕು. ಯಾವ ಸರ್ವರ್ ನಮ್ಮ ಹೆಸರಲ್ಲಿ ಕಳಿಸಬಹುದು ಅನ್ನೋದು ಎಸ್‌ಪಿಎಫ್, ಕಳಿಸುವ ಪ್ರತಿ ಮೇಲ್‌ಗೂ ಒತ್ತುವ ನಮ್ಮ ಮುದ್ರೆ ಡಿಕಿಮ್, ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕು ಅನ್ನೋದು ಡಿಮಾರ್ಕ್. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಮೇಲ್ ಕಳಿಸುವ ಎಲ್ಲರಿಗೂ ಮೊದಲೆರಡರಲ್ಲಿ ಒಂದಾದರೂ ಇರಬೇಕು, ರಿವರ್ಸ್ ಡಿಎನ್‌ಎಸ್ ಸರಿಯಿರಬೇಕು ಅಂತ ಮಾಡಿದೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಕಡ್ಡಾಯ. ನಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ, ಆದರೂ ಮೂರನ್ನೂ ಹಾಕಿದ್ದೇವೆ. ಕಾರಣ ಬೇರೆ. ನಮ್ಮ ಹೆಸರಿನ ಸುಳ್ಳು ಮೇಲ್ ಒಂದು ಖರೀದಿದಾರರಿಗೆ ಹೋಗಿತ್ತು, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ದುಡ್ಡು ಇಲ್ಲಿಗೆ ಹಾಕಿ’ ಅಂತ. ಅವರು ಹಳಬರು, ಫೋನ್ ಮಾಡಿ ಕೇಳಿದರು, ದುಡ್ಡು ಉಳಿಯಿತು. ಆ ಫೋನ್ ಬಂದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಡಿಮಾರ್ಕ್ ಹಾಕುವಾಗ ಮೊದಲು ಬರೀ ವರದಿ ತರಿಸಿಕೊಳ್ಳಿ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮ ಹೆಸರಲ್ಲೇ ಬೇರೆ ಸರ್ವರಿನಿಂದ ಇನ್‌ವಾಯ್ಸ್ ಕಳಿಸುತ್ತಿತ್ತು ಅನ್ನೋದು ನನಗೆ ಗೊತ್ತಾದದ್ದು ಆ ವರದಿಯಿಂದ. ಅದನ್ನು ಎಸ್‌ಪಿಎಫ್‌ಗೆ ಸೇರಿಸದೆ ಬಿಗಿ ಮಾಡಿದ್ದರೆ ನಮ್ಮ ಇನ್‌ವಾಯ್ಸೇ ಸ್ಪ್ಯಾಮಿಗೆ ಹೋಗುತ್ತಿತ್ತು.

ನಮ್ಮ ತಪ್ಪಿನಿಂದ ಆದದ್ದೂ ಇದೆ. ಒಂದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಸಾಲಿನಲ್ಲಿ ಆರು ಸಾವಿರಕ್ಕೂ ಜಾಸ್ತಿ ಮೇಲ್. ಯಾರದೋ ಪಾಸ್‌ವರ್ಡ್ ಊಹಿಸಿ, ರಾತ್ರಿಯಿಡೀ ನಮ್ಮ ಸರ್ವರಿನಿಂದ ಸ್ಪ್ಯಾಮ್ ಕಳಿಸಿದ್ದರು. ಪಾಸ್‌ವರ್ಡ್ ಏನಿತ್ತು ಅಂದರೆ ಆ ಗುಮಾಸ್ತರ ಹೆಸರು, ಮುಂದೆ 123. ಹಾಗೆ ಇಡಲು ಬಿಟ್ಟದ್ದು ನಾನು, ಅವರ ತಪ್ಪಲ್ಲ. ಸಾಲು ಖಾಲಿ ಮಾಡಿ, ಪಾಸ್‌ವರ್ಡ್ ಬದಲಿಸಿ, ಕಪ್ಪುಪಟ್ಟಿಗಳಿಂದ ಹೆಸರು ತೆಗೆಸೋಕೆ ಒಂದು ವಾರ ಹಿಡಿಯಿತು. ಈಗ ಒಬ್ಬರ ಖಾತೆಯಿಂದ ಗಂಟೆಗೆ ಇಷ್ಟೇ ಅಂತ ಮಿತಿ ಇದೆ. ತಪ್ಪು ಪಾಸ್‌ವರ್ಡ್ ಹಾಕುತ್ತಾ ಬಾಗಿಲು ತಟ್ಟುವವರನ್ನು ಫೇಲ್‌ಟುಬ್ಯಾನ್ ತಡೆಯುತ್ತದೆ. ಸರ್ವರ್ ಇಂಟರ್‌ನೆಟ್ಟಿಗೆ ತೆರೆದ ಮೊದಲ ದಿನದಿಂದಲೇ ಆ ತಟ್ಟುವಿಕೆ ಶುರುವಾಗುತ್ತದೆ. ಲಾಗಿನಲ್ಲಿ ನೋಡಿ, ಹೆದರಬೇಡಿ, ಆದರೆ ಮರೆಯಲೂ ಬೇಡಿ.

ಸ್ಪ್ಯಾಮ್ ತಡೆಯೋಕೆ ಶುರುವಿನಲ್ಲಿ ಗ್ರೇಲಿಸ್ಟಿಂಗ್ ಹಾಕಿದ್ದೆ. ಹೊಸಬರಿಂದ ಬರುವ ಮೇಲನ್ನು ‘ಸ್ವಲ್ಪ ಹೊತ್ತು ಬಿಟ್ಟು ಬಾ’ ಅಂತ ಐದು ನಿಮಿಷ ಹೊರಗೆ ನಿಲ್ಲಿಸುವ ಉಪಾಯ ಅದು. ಸ್ಪ್ಯಾಮ್ ಕಳಿಸುವವರು ಹೆಚ್ಚಾಗಿ ಮತ್ತೆ ಬರುವುದಿಲ್ಲ. ಆದರೆ ಅಕೌಂಟ್ಸ್ ನೋಡುವ ಅಕ್ಕ ದಿನಾ ಕೂಗುತ್ತಿದ್ದರು, ‘ತಮಾ, ಓಟಿಪಿ ಇನ್ನೂ ಬಂಜಿಲ್ಲೆ!’ ಅಂತ. ಹತ್ತು ನಿಮಿಷ ಬಾಳುವ ಓಟಿಪಿ ಕಾಲು ಗಂಟೆ ಬಿಟ್ಟು ಬಂದರೆ ಏನು ಉಪಯೋಗ? ಅದನ್ನು ತೆಗೆದು ಆರ್‌ಸ್ಪ್ಯಾಮ್‌ಡಿ ಹಾಕಿದೆ. ಅದು ಪ್ರತಿ ಮೇಲಿಗೂ ಅಂಕ ಕೊಟ್ಟು, ಅನುಮಾನ ಬಂದದ್ದನ್ನು ಮಾತ್ರ ನಿಲ್ಲಿಸುತ್ತದೆ. ಅಕ್ಕ ಈಗ ಓಟಿಪಿ ವಿಷಯ ಎತ್ತುವುದಿಲ್ಲ.

ಸ್ಕ್ಯಾನ್ ಮಾಡಿದ ಫೈಲ್ ಹೋಗುವುದಿಲ್ಲ ಅನ್ನೋ ದೂರು ಎಲ್ಲ ಆಫೀಸಿನಲ್ಲೂ ಇರುತ್ತದೆ. ಪೋಸ್ಟ್‌ಫಿಕ್ಸ್ ಮೊದಲಿಗೆ 10,240,000 ಬೈಟ್ ತನಕ ಬಿಡುತ್ತದೆ, ಸುಮಾರು 10 ಎಂಬಿ. ಹಾಗಾದರೆ 8 ಎಂಬಿ ಫೈಲ್ ಯಾಕೆ ಹೋಗಲ್ಲ? ಮೇಲಿನಲ್ಲಿ ಹೋಗುವಾಗ ಫೈಲನ್ನು ಅಕ್ಷರಗಳಾಗಿ ಬದಲಿಸುತ್ತಾರೆ, ಆಗ ಗಾತ್ರ ಮೂರನೇ ಒಂದು ಪಾಲು ಹಿಗ್ಗುತ್ತದೆ. 8 ಇದ್ದದ್ದು ಹತ್ತೂವರೆ ದಾಟುತ್ತದೆ. ನಾವು ಮಿತಿಯನ್ನು 25ಕ್ಕೆ ಏರಿಸಿದೆವು, ಸ್ಕ್ಯಾನರನ್ನು ಕಪ್ಪು-ಬಿಳುಪಿಗೆ ಇಳಿಸಿದೆವು. ಎರಡನೆಯದೇ ಹೆಚ್ಚು ಉಪಯೋಗವಾಯಿತು.

ಅದೇ ಸ್ಕ್ಯಾನರ್ ಇನ್ನೊಮ್ಮೆ ಕೈಕೊಟ್ಟಿತು. ಡೆಬಿಯನ್ 11ಕ್ಕೆ ಹೋದ ಮರುದಿನ ಅದು ಸಾಂಬಾ ಫೋಲ್ಡರಿಗೆ ಫೈಲ್ ಹಾಕುವುದನ್ನೇ ನಿಲ್ಲಿಸಿತು. ಹಳೆ ಯಂತ್ರ, ಅದಕ್ಕೆ ಗೊತ್ತಿರುವುದು ಫೈಲ್ ಹಂಚಿಕೆಯ ಹಳೆ ಭಾಷೆಯಾದ ಎಸ್‌ಎಂಬಿ1 ಮಾತ್ರ. ಸಾಂಬಾ 4.11ರಿಂದ ಆ ಹಳೆ ಬಾಗಿಲು ತಾನಾಗಿ ಮುಚ್ಚಿರುತ್ತದೆ. ತೆರೆಯೋಕೆ ಒಂದು ಸಾಲು ಬರೆದರೆ ಸಾಕು, ಆದರೆ 2017ರಲ್ಲಿ ವಾನಾಕ್ರೈ ಅನ್ನುವ ವೈರಸ್ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳಿಗೆ ಹರಡಿದ್ದು ಎಸ್‌ಎಂಬಿ1ರ ದೋಷದಿಂದಲೇ. ತೆರೆಯಲಿಲ್ಲ. ಸ್ಕ್ಯಾನರಿಗೆ ಮಾತ್ರ ಎಫ್‌ಟಿಪಿಯಲ್ಲಿ ಬೇರೆ ಫೋಲ್ಡರ್ ಮಾಡಿಕೊಟ್ಟೆ.

ಸಿಡಿಲಿನ ಬಗ್ಗೆ ಘಟ್ಟದ ಮೇಲಿನವರು ದಯವಿಟ್ಟು ಓದಿ. ಆಫೀಸಿನಿಂದ ಗೋದಾಮಿಗೆ ಅರವತ್ತು ಮೀಟರ್, ಅಂಗಳದ ಮೇಲೆ ಮಾಮೂಲಿ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದಿದ್ದೆವು. ಏಪ್ರಿಲ್ ಕೊನೆಯ ಒಂದು ಸಂಜೆ, ಮಳೆ ಇನ್ನೂ ಹನಿ ಬಿದ್ದಿರಲಿಲ್ಲ, ಒಂದೇ ಸಿಡಿಲು. ಎರಡೂ ಕಡೆಯ ಸ್ವಿಚ್ ಸುಟ್ಟವು, ಸರ್ವರಿನ ನೆಟ್‌ವರ್ಕ್ ಪೋರ್ಟೂ ಹೋಯಿತು. ಸ್ವಿಚ್ ಬಿಚ್ಚಿದರೆ ಒಳಗೆ ಪೋರ್ಟಿನ ಹಿಂದೆ ಕಪ್ಪು ಮಸಿ, ಸುಟ್ಟ ವಾಸನೆ. ಯುಪಿಎಸ್ ಇತ್ತು, ಆದರೆ ಸಿಡಿಲು ಬಂದದ್ದು ಕರೆಂಟಿನ ತಂತಿಯಿಂದ ಅಲ್ಲವಲ್ಲ. ಅವತ್ತಿನಿಂದ ಅಂಗಳ ದಾಟುವುದು ಫೈಬರ್ ಮಾತ್ರ, ಎರಡೂ ತುದಿಗೆ ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಒಂದು ಮಾತು ನೆನಪಿಡಿ, ಅಂಗಡಿಯಲ್ಲಿ ಸಿಗುವ ಎಷ್ಟೋ ಫೈಬರ್ ಕೇಬಲ್ಲಿಗೆ ಗಟ್ಟಿಯಾಗಿರಲಿ ಅಂತ ಉಕ್ಕಿನ ತಂತಿ ಸೇರಿಸಿರುತ್ತಾರೆ. ಲೋಹ ಇಲ್ಲದ್ದನ್ನು ಕೇಳಿ ತಗೊಳ್ಳಿ. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಕೆಲಸ ಮಾಡುವುದಿಲ್ಲ, ಹಾಗಾಗಿ ಮಾರ್ಚಿನಿಂದ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹೊಯ್ಯುತ್ತೇವೆ.

ಆ ಗೋದಾಮಿನಿಂದಲೇ ಇನ್ನೊಂದು ಪೀಡೆ ಬಂದಿತ್ತು. ಅಲ್ಲಿ ವೈಫೈ ಸಿಗಲಿ ಅಂತ ಯಾರೋ ಮನೆಯ ಹಳೆ ರೌಟರ್ ತಂದು ಸಿಕ್ಕಿಸಿದ್ದರು. ಅದೂ ಐಪಿ ಹಂಚೋಕೆ ಶುರುಮಾಡಿತು. ಅರ್ಧ ಕಂಪ್ಯೂಟರಿಗೆ ನಮ್ಮ ವಿಳಾಸ, ಅರ್ಧಕ್ಕೆ ಅದರದ್ದು. ಒಬ್ಬರಿಗೆ ಪ್ರಿಂಟ್ ಬರುತ್ತದೆ, ಪಕ್ಕದವರಿಗಿಲ್ಲ. ಇಡೀ ದಿನ ಹೋಯಿತು ಹುಡುಕೋಕೆ. ಇಂಥ ಲಕ್ಷಣ ಕಂಡರೆ ಮೊದಲು ಇದನ್ನೇ ನೋಡಿ.

ಯುಪಿಎಸ್‌ಗೆ ಯುಎಸ್‌ಬಿ ತಂತಿ ಜೋಡಿಸಿ ನಟ್ ಅನ್ನುವ ಸಾಫ್ಟ್‌ವೇರ್ ಹಾಕಿದ್ದೇವೆ. ಬ್ಯಾಟರಿ ಇಳಿದಾಗ ಸರ್ವರ್ ತಾನೇ ನೀಟಾಗಿ ಬಂದ್ ಆಗುತ್ತದೆ. ಬ್ಯಾಟರಿ ಎರಡು ಸಲ ಬದಲಿಸಿದೆವು. ಬ್ಯಾಕಪ್ ರಾತ್ರಿ ಒಂದು ಡಿಸ್ಕಿಗೆ, ವಾರಕ್ಕೊಮ್ಮೆ ಇನ್ನೊಂದಕ್ಕೆ. ಅದನ್ನು ನಾನು ಮನೆಗೆ ಒಯ್ಯುತ್ತೇನೆ. ಲೈನ್ ಹೋದಾಗ ಮೊಬೈಲ್ ಡಾಂಗಲ್ ಇದೆ, ಆದರೆ ಮಾರಿಕಾಂಬಾ ಜಾತ್ರೆಯ ವಾರ ಅದನ್ನು ನಂಬಬೇಡಿ. ಊರು ತುಂಬ ಜನ, ನೆಟ್‌ವರ್ಕ್ ಅಲುಗಾಡುವುದಿಲ್ಲ.

ಮನೆಮಠದ ಹಾಗೆ ಇದಕ್ಕೂ ಯಾರಾದರೂ ದಿಕ್ಕಿರಬೇಕು. ವಾರಕ್ಕೆ ಒಂದು ಗಂಟೆ ನಾನು ಕೊಡುತ್ತೇನೆ. ರಿಪೇರಿಯವರು ಹುಬ್ಬಳ್ಳಿಯಿಂದ ಬರಬೇಕು, ನೂರು ಕಿಲೋಮೀಟರ್ ದಾರಿ, ಮಳೆಗಾಲದಲ್ಲಿ ಬರುತ್ತೇನೆ ಅಂದವರು ಬರುವುದಿಲ್ಲ. ಹಾಗಾಗಿ ಏನು ಮುಟ್ಟಿದರೂ ಒಂದು ಉದ್ದನೆ ರಿಜಿಸ್ಟರಿನಲ್ಲಿ ತಾರೀಖು ಹಾಕಿ ಬರೆಯುತ್ತೇವೆ. ಕಳೆದ ವರ್ಷ ಸೇರಿದ ಹುಡುಗಿ ಆ ಪುಸ್ತಕ ನೋಡಿಕೊಂಡೇ, ನಾನು ಕುಮಟಾದಲ್ಲಿ ಮದುವೆಗೆ ಹೋಗಿದ್ದಾಗ, ತುಂಬಿದ ಡಿಸ್ಕ್ ಸರಿಮಾಡಿದಳು. ಫೋನ್ ಕೂಡ ಮಾಡಲಿಲ್ಲ. ನನಗೆ ತುಂಬ ಖುಷಿಯಾಯಿತು.

ಮುಂದಿನ ಕೆಲಸ ಡೆಬಿಯನ್ 13. ಅದರಲ್ಲಿ ಬರುವ ಡವ್‌ಕಾಟ್ 2.4ಕ್ಕೆ 2.3ರ ಹಳೆ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಹೊಂದುವುದಿಲ್ಲ, ಹೊಸದಾಗಿ ಬರೆಯಬೇಕು. ಆ ಹುಡುಗಿ ಒಂದು ಹಳೆ ಕಂಪ್ಯೂಟರಿನಲ್ಲಿ ಹಾಕಿ, ನನ್ನ ಮೇಲ್ ಪೆಟ್ಟಿಗೆಯ ಪ್ರತಿಯನ್ನಷ್ಟೇ ಅದಕ್ಕೆ ತುಂಬಿ ನೋಡುತ್ತಿದ್ದಾಳೆ. ರಿಜಿಸ್ಟರಿನಲ್ಲಿ ಈಗಾಗಲೇ ನಾಲ್ಕು ಪುಟ ಆಗಿದೆ.